ತೂಬು ಎತ್ತಿದವರು ನಾವು, ನೀರು ಯಾರದು?

(ಸವಳಂಗ ರಸ್ತೆಯ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದು ಕೊಟ್ಟಿದ್ದೇವೆ.)



ಹಾಸ್ಟೆಲಿನಲ್ಲಿ ಸಭೆ ಅಂದ ಕೂಡಲೆ ಸ್ಕಾಲರ್‌ಶಿಪ್ಪು, ಮೆಸ್ಸು, ಮೀಸಲಾತಿ ಇವುಗಳ ಮಾತು ಅಂತ ನೀವು ಅಂದುಕೊಂಡು ಬಂದಿರಬಹುದು. ಆ ಮಾತುಗಳೂ ಬೇಕು, ಅವನ್ನು ಬಿಟ್ಟು ನಮ್ಮ ಬದುಕಿಲ್ಲ. ಆದರೆ ಇವತ್ತು ನಾವು ಆಡಬೇಕು ಅಂತ ಬಂದಿರೋದು ನೀರಿನ ಮಾತು. ಕುಡಿಯುವ ನೀರಲ್ಲ, ಬೆಳೆಯುವ ನೀರು. ಡ್ಯಾಮಿನಲ್ಲಿ ನಿಂತ ನೀರು, ನಾಲೆಯಲ್ಲಿ ಹರಿಯುವ ನೀರು. ಇದು ಎಂಜಿನಿಯರುಗಳ ವಿಷಯ, ಆರ್ಟ್ಸ್ ಓದಿದವರಿಗೆ ಯಾಕೆ ಅಂತ ಕೇಳಬೇಡಿ. ನಮ್ಮನ್ನು ದೂರ ಇಡಬೇಕಾದ ಪ್ರತಿ ವಿಷಯಕ್ಕೂ ಈ ದೇಶದಲ್ಲಿ ಒಂದು ಕಠಿಣ ಭಾಷೆ ಇಟ್ಟಿದ್ದಾರೆ. ಹಿಂದೆ ಅದು ಸಂಸ್ಕೃತ ಆಗಿತ್ತು, ಈಗ ಟಿಎಂಸಿ, ಕ್ಯೂಸೆಕ್ಸು. ಒಂದು ಗಂಟೆ ಕೂತರೆ ಬರುವ ಲೆಕ್ಕ ಇದು.

ನಾವು ಕೂತಿರುವ ಈ ಸವಳಂಗ ರಸ್ತೆಯನ್ನೇ ನೋಡಿ. ಬೆನ್ನ ಹಿಂದೆ ಶಿವಮೊಗ್ಗ. ಗಾಜನೂರಿನಲ್ಲಿ ತುಂಗೆಗೆ ಅಣೆಕಟ್ಟು ಹಾಕಿ ತಿರುಗಿಸಿದ ನಾಲೆ ಊರೊಳಗೇ ಹಾದುಹೋಗುತ್ತದೆ. ಆ ಕಡೆ ಭದ್ರಾವತಿ, ಅದರ ಮೇಲೆ ಲಕ್ಕವಳ್ಳಿಯ ಭದ್ರಾ ಡ್ಯಾಂ. ಈ ಕಡೆ ನವುಲೆಯ ಕೃಷಿ ಕಾಲೇಜು. ಯಾವ ಬೆಳೆಗೆ ಎಷ್ಟು ನೀರು ಬೇಕು ಅಂತ ಕಲಿಸುವ ಜಾಗ. ಅಲ್ಲಿಂದ ಅಬ್ಬಲಗೆರೆ, ಸವಳಂಗ. ಕೆರೆ ನಂಬಿದ, ಮಳೆ ನಂಬಿದ ಸೀಮೆ. ಇನ್ನೂ ಮುಂದೆ ಶಿಕಾರಿಪುರದ ಕಡೆ ಕುಮುದ್ವತಿ ಹೊಳೆಗೆ ಕಟ್ಟಿದ ಅಂಜನಾಪುರ ಜಲಾಶಯ. ನಿಮ್ಮಲ್ಲಿ ಕೆಲವರು ಭದ್ರಾವತಿ ತಾಲ್ಲೂಕಿನವರು, ಕೆಲವರು ಚನ್ನಗಿರಿಯವರು, ಹೊನ್ನಾಳಿಯವರು, ಹರಪನಹಳ್ಳಿಯವರು. ಒಂದೇ ಮೆಸ್ಸಿನಲ್ಲಿ ಉಣ್ಣುವ ನೀವು ನೀರಿನ ನಕ್ಷೆಯಲ್ಲಿ ಬೇರೆ ಬೇರೆ ಕಡೆ ಇದ್ದೀರಿ. ಒಬ್ಬರು ನಾಲೆಯ ತಲೆಯಲ್ಲಿ, ಒಬ್ಬರು ನಾಲೆಯ ಬಾಲದಲ್ಲಿ, ಒಬ್ಬರು ನಕ್ಷೆಯ ಹೊರಗೆ. ಆದರೆ ನಿಮ್ಮ ನಿಮ್ಮ ಕೇರಿಗೆ ಹೋಗಿ ಕೇಳಿದರೆ ಪಾಡು ಹೆಚ್ಚುಕಡಿಮೆ ಒಂದೇ. ನೀರು ಎದುರಿಗೇ ಹರಿಯುತ್ತದೆ, ಪಾಲು ಮಾತ್ರ ಇಲ್ಲ.

ಈ ನೀರಿಗೂ ನಮಗೂ ಸಂಬಂಧವೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಹಳೆ ಕಾಲದ ಊರಿನ ಆಯಗಾರರ ಪಟ್ಟಿ ತೆಗೆದು ನೋಡಿ. ಶಾನುಭೋಗ, ಗೌಡ, ಬಡಗಿ, ಕಮ್ಮಾರ, ತಳವಾರ, ತೋಟಿ; ಅವರ ಜೊತೆ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೀರು ಕಟ್ಟುವುದು, ಮಳೆಗಾಲದಲ್ಲಿ ಏರಿ ಒಡೆಯದ ಹಾಗೆ ರಾತ್ರಿಯೆಲ್ಲ ಕಾಯುವುದು ಅವನ ಕೆಲಸ. ಹಳೆ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಈ ಕೆಲಸ ನಮ್ಮ ಕೇರಿಯದೇ. ಯಾಕೆ ನಮ್ಮವರಿಗೆ ಕೊಟ್ಟರು? ಅವನಿಗೆ ಆ ಕೆರೆ ಕೆಳಗೆ ಸ್ವಂತ ಗದ್ದೆ ಇಲ್ಲ, ಹಾಗಾಗಿ ಪಕ್ಷಪಾತ ಮಾಡಲ್ಲ ಅಂತ ದೊಡ್ಡವರು ವಿವರಣೆ ಕೊಡ್ತಾರೆ. ಎಂಥ ನ್ಯಾಯ ನೋಡಿ! ನಿನಗೆ ಗದ್ದೆ ಇಲ್ಲ, ಅದಕ್ಕೇ ನೀನು ಪ್ರಾಮಾಣಿಕ. ನೀನು ಪ್ರಾಮಾಣಿಕ, ಅದಕ್ಕೇ ನಿನಗೆ ಗದ್ದೆ ಬೇಡ.

ಕೂಲಿಯಾಗಿ ಸುಗ್ಗಿಯಲ್ಲಿ ಅವನಿಗೆ ಕಣದಿಂದ ಒಂದಿಷ್ಟು ಹೊರೆ, ಕೆಲವು ಕಡೆ ಚಾಕರಿಯ ಇನಾಮು ಅಂತ ಒಂದು ತುಂಡು ಜಮೀನು. 1961ರಲ್ಲಿ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಬಂತು. ವಂಶಪಾರಂಪರ್ಯದ ಚಾಕರಿ ಹೋಯಿತು, ಒಳ್ಳೇದೇ ಆಯಿತು. ಇನಾಮು ಜಮೀನು ಅದೇ ಮನೆತನಕ್ಕೆ ಮರುಮಂಜೂರು ಆಗಬೇಕಿತ್ತು. ಕಾಗದ ಓದಿದವರಿಗೆ ಆಯಿತು, ಓದದವರ ಜಮೀನು ಕೈಬದಲಾಯಿತು. ಆದರೆ ಒಂದು ವಿದ್ಯೆ ನಮ್ಮಲ್ಲಿ ಉಳಿಯಿತು. ನೀರನ್ನು ಪಾಲು ಮಾಡುವ ವಿದ್ಯೆ. ಅದನ್ನು ಈ ಹೊತ್ತಿನ ಡ್ಯಾಮಿಗೆ ಹೊಂದಿಸಿ ಕಲಿಯಬೇಕಾದವರು ನೀವು. ಅದಕ್ಕೇ ಈ ಲೆಕ್ಕ.

ಲಕ್ಕವಳ್ಳಿಯ ಡ್ಯಾಮಿನ ಕೆಲಸ ಸುರುವಾದದ್ದು 1947ರ ಹೊತ್ತಿಗೆ, ಮುಗಿದದ್ದು 1960ರ ದಶಕದಲ್ಲಿ. ನರಸಿಂಹರಾಜಪುರದ ಕಡೆಯ ಹಳ್ಳಿಗಳು ಅದರ ಹಿನ್ನೀರಿನಲ್ಲಿ ಮುಳುಗಿವೆ. ಪೂರ್ಣ ಮಟ್ಟ 186 ಅಡಿ. ತುಂಬಿದರೆ 71.5 ಟಿಎಂಸಿ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಹಾಗೆ ಹೇಳಿದರೆ ತಲೆಗೆ ಹೋಗಲ್ಲ. ಹೀಗೆ ತಿಳ್ಕೊಳ್ಳಿ: ಒಂದು ಟಿಎಂಸಿ ನೀರನ್ನು ಒಂದಡಿ ಆಳಕ್ಕೆ ನಿಲ್ಲಿಸಿದರೆ ಹೆಚ್ಚುಕಡಿಮೆ 23 ಸಾವಿರ ಎಕರೆ ಮುಚ್ಚುತ್ತದೆ. 71.5ರಲ್ಲಿ ತಳದಲ್ಲಿ ಉಳಿಯುವ ನೀರು ನಾಲೆಗೆ ಏರುವುದಿಲ್ಲ. ಅದನ್ನು ಡೆಡ್ ಸ್ಟೋರೇಜ್ ಅಂತಾರೆ. ಅದನ್ನು ಕಳೆದರೆ ಬಳಕೆಗೆ ಸಿಗುವುದು ಸುಮಾರು 63 ಟಿಎಂಸಿ.

ಇನ್ನು ನಾಲೆ. ಬಲದಂಡೆ ನಾಲೆ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 2,650 ಘನ ಅಡಿ. ಎಡದಂಡೆ ಸುಮಾರು 380. ಎರಡೂ ಕೂಡಿದರೆ 3,030 ಕ್ಯೂಸೆಕ್ಸು. ದಿನಕ್ಕೆ 86,400 ಸೆಕೆಂಡು. ಗುಣಿಸಿ ನೋಡಿ: ದಿನಕ್ಕೆ ಕಾಲು ಟಿಎಂಸಿಗಿಂತ ಚೂರು ಜಾಸ್ತಿ. 120 ದಿನ ಪೂರಾ ಹರಿಸಿದರೆ 31 ಟಿಎಂಸಿ ದಾಟುತ್ತದೆ. ಎರಡು ಹಂಗಾಮು ಹೀಗೆ ಹರಿಸಿದರೆ 63ರ ಹತ್ತಿರ. ಅಂದ್ರೆ ತುಂಬಿದ ಡ್ಯಾಮಿನಲ್ಲಿ ಬಳಸಬಹುದಾದ ಅಷ್ಟೂ ನೀರು ಎರಡು ಹಂಗಾಮಿಗೆ ಸರಿಯಾಗಿ ಮುಗಿಯುತ್ತದೆ. ಮಳೆಗಾಲದ ಬೆಳೆಗೆ ನೀರು ಬಿಡುವಾಗ ಮೇಲಿಂದ ಒಳಹರಿವೂ ಬರ್ತಾ ಇರ್ತದೆ, ಅದು ಒಂದು ಆಸರೆ. ಆದರೆ ಬಿಸಿಲಿಗೆ ಆವಿಯಾಗುವುದು ಇದೆ, ಪಟ್ಟಣಗಳಿಗೆ ಕುಡಿಯಲು ಕೊಡಬೇಕು, ನದಿಗೆ ಬಿಡಬೇಕು. ಎಲ್ಲ ಕೊಟ್ಟು ಉಳಿದದ್ದರಲ್ಲಿ ಲಕ್ಷ ಹೆಕ್ಟೇರಿಗೂ ಮಿಕ್ಕಿದ ಅಚ್ಚುಕಟ್ಟು ಬದುಕಬೇಕು. ಭದ್ರಾವತಿ, ತರೀಕೆರೆಯಿಂದ ಹಿಡಿದು ಚನ್ನಗಿರಿ, ದಾವಣಗೆರೆ, ಹರಿಹರ, ಹರಪನಹಳ್ಳಿಯ ತನಕ.

ಈ ಲೆಕ್ಕ ಯಾಕೆ ಹೇಳಿದೆವು ಅಂದ್ರೆ, ಡ್ಯಾಮಿನ ನೀರು ದೇವರು ಕೊಟ್ಟಷ್ಟು ಅಲ್ಲ, ಮನುಷ್ಯರು ಹಂಚಿದಷ್ಟು ಅನ್ನೋದು ಗೊತ್ತಾಗಲಿ ಅಂತ. ಮಳೆ ಬೀಳುವುದು ಕುದುರೆಮುಖ, ಕಳಸ, ಕೊಪ್ಪದ ಕಡೆ, ಜೂನಿನಿಂದ ಸೆಪ್ಟೆಂಬರ್ ಒಳಗೆ. ಬಳಸುವುದು ಬಯಲಿನಲ್ಲಿ, ಮುಂದಿನ ಮೇ ತನಕ. ನಾಲ್ಕು ತಿಂಗಳ ನೀರನ್ನು ಹನ್ನೆರಡು ತಿಂಗಳಿಗೆ ಹಿಗ್ಗಿಸುವ ಕೆಲಸಕ್ಕೇ ಡ್ಯಾಂ ಅಂತ ಹೆಸರು. ಹಿಗ್ಗಿಸುವವರು ಯಾರು? ಮಲವಗೊಪ್ಪದಲ್ಲಿ ಭದ್ರಾ ಕಾಡಾ ಕಚೇರಿ ಇದೆ. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ದಿನಾ ಅದರ ಮುಂದೆ ಹೋಗ್ತೀರಿ. ನೀರಾವರಿ ಸಲಹಾ ಸಮಿತಿ ಅಂತ ಒಂದು ಇದೆ. ಮಂತ್ರಿಗಳು, ಶಾಸಕರು, ಅಧಿಕಾರಿಗಳು ಕೂತು ಯಾವ ದಿನ ಗೇಟು ಎತ್ತಬೇಕು, ಎಷ್ಟು ದಿನ ಹರಿಸಬೇಕು, ಎಷ್ಟು ದಿನ ನಿಲ್ಲಿಸಬೇಕು ಅಂತ ತೀರ್ಮಾನ ಮಾಡ್ತಾರೆ. ರೈತ ಮುಖಂಡರು ಅಲ್ಲಿ ಗಟ್ಟಿಯಾಗಿ ಮಾತಾಡ್ತಾರೆ, ಮಾತಾಡಲೇಬೇಕು. ಆದರೆ ಪೇಪರಿನಲ್ಲಿ ಬರುವ ಆ ಸಭೆಯ ಸುದ್ದಿಯನ್ನು ವರ್ಷಗಟ್ಟಲೆ ಓದುತ್ತಾ ಬಂದಿದ್ದೇವೆ. ನಾಟಿ ಮಾಡುವ ಹೆಂಗಸೊಬ್ಬಳು ಅಲ್ಲಿ ಎದ್ದು ನಿಂತು ಮಾತಾಡಿದಳು ಅನ್ನುವ ಒಂದು ಸಾಲು ನಮ್ಮ ಕಣ್ಣಿಗೆ ಬಿದ್ದಿಲ್ಲ.

2023ರ ವರ್ಷವನ್ನು ನೆನಪು ಮಾಡ್ಕೊಳ್ಳಿ. ಆ ಮಳೆಗಾಲದಲ್ಲಿ ಭದ್ರಾ ತುಂಬಲಿಲ್ಲ. ಆಗಸ್ಟಿನಲ್ಲಿ ನೂರು ದಿನ ನೀರು ಅಂತ ಹೇಳಿ ನಾಲೆಗೆ ಬಿಟ್ಟರು. ಅದನ್ನು ನಂಬಿ ದಾವಣಗೆರೆ ಕಡೆ ಭತ್ತ ನಾಟಿ ಆಯಿತು. ಸೆಪ್ಟೆಂಬರಿನಲ್ಲಿ ಮಾತು ಬದಲಾಯಿತು, ಬಿಟ್ಟು ಬಿಟ್ಟು ಹರಿಸುತ್ತೇವೆ ಅಂದರು. ದಾವಣಗೆರೆಯ ರೈತರು ಬೀದಿಗೆ ಬಂದರು, ಬಂದ್ ಆಯಿತು. ಆ ಬೇಸಿಗೆಯಲ್ಲಿ ಭತ್ತಕ್ಕೆ ನೀರಿಲ್ಲ, ತೋಟ ಉಳಿಸುವಷ್ಟು ಮಾತ್ರ ಸರದಿ ಮೇಲೆ ನೀರು ಅಂತ ಆಯಿತು. 2024ರ ಮಳೆಗಾಲದಲ್ಲಿ ಅದೇ ಡ್ಯಾಂ ತುಂಬಿತು, ಎಲ್ಲರೂ ಬಾಗಿನದ ಫೋಟೋ ನೋಡಿದರು, ಹಿಂದಿನ ವರ್ಷ ಮರೆತುಹೋಯಿತು.

ನಾವು ಮರೆಯಬಾರದು. ಯಾಕೆ ಅಂದ್ರೆ ಆ ವರ್ಷ ಇಬ್ಬರು ಸೋತರು, ಲೆಕ್ಕ ಸಿಕ್ಕಿದ್ದು ಒಬ್ಬರದು ಮಾತ್ರ. ನೀರು ನಿಂತರೆ ಗದ್ದೆಯವನ ಬೆಳೆ ಹೋಗುತ್ತದೆ. ಅವನ ಕಷ್ಟ ನಿಜ, ಅವನ ಮೇಲೆ ನಮಗೆ ಹಗೆ ಇಲ್ಲ. ಆದರೆ ಅವನ ಕೈಯಲ್ಲಿ ಪಹಣಿ ಇದೆ. ಬರದ ಪರಿಹಾರ ಬಂದರೆ ಪಹಣಿ ನೋಡಿ ಬರುತ್ತದೆ, ಬೆಳೆ ವಿಮೆ ಬಂದರೆ ಪಹಣಿ ನೋಡಿ ಬರುತ್ತದೆ. ಅದೇ ಗದ್ದೆಯಲ್ಲಿ ಸಸಿ ಕೀಳುವ, ನಾಟಿ ಹಾಕುವ, ಕಳೆ ತೆಗೆಯುವ, ಕೊಯ್ಯುವ ನಮ್ಮ ತಾಯಂದಿರ ಹೆಸರು ಯಾವ ಪಹಣಿಯ ಯಾವ ಕಾಲಂನಲ್ಲಿದೆ? ಒಂದು ಹಂಗಾಮಿನ ಭತ್ತ ಹೋದರೆ ಅವರಿಗೆ ನಾಟಿಯ ದಿನಗಳು ಹೋದವು, ಕಳೆಯ ದಿನಗಳು ಹೋದವು, ಕೊಯ್ಲಿನ ದಿನಗಳು ಹೋದವು. ಬೆಳೆ ನಷ್ಟ ಎಷ್ಟು ಎಕರೆ ಅಂತ ತಹಸೀಲ್ದಾರರು ಬರೆದುಕೊಳ್ತಾರೆ. ದಿನ ನಷ್ಟ ಎಷ್ಟು ಅಂತ ಬರೆದುಕೊಳ್ಳುವವರು ಇಲ್ಲ. ಹಾಸ್ಟೆಲಿನಲ್ಲಿರುವ ನಿಮಗೆ ಆ ನಷ್ಟ ಹೇಗೆ ಮುಟ್ಟುತ್ತದೆ ಗೊತ್ತಲ್ಲ? ಊರಿಂದ ಬರುವ ದುಡ್ಡು ಬರಲ್ಲ. ತಂಗಿ ಪಿಯುಸಿ ಬಿಡ್ತಾಳೆ. ಡ್ಯಾಮಿನ ಮಟ್ಟಕ್ಕೂ ತಂಗಿಯ ಪಿಯುಸಿಗೂ ಸಂಬಂಧ ಇದೆ. ಈ ಸಂಬಂಧವನ್ನು ಸರ್ಕಾರದ ಯಾವ ರಿಜಿಸ್ಟರೂ ಬರೆದಿಟ್ಟಿಲ್ಲ.

ಇನ್ನೊಂದು ಮಾತು. ನೀರು ಕಮ್ಮಿ ಆದಾಗ ಮೊದಲು ನಿಂತ ಬೆಳೆ ಉಳಿಸಿ ಅನ್ನುವ ನಿಯಮ ಇದೆ. ಕೇಳೋಕೆ ನ್ಯಾಯವಾಗೇ ಇದೆ. ಭತ್ತ ಒಂದು ಹಂಗಾಮು ಬಿಡಬಹುದು, ಅಡಿಕೆ ಮರ ಒಣಗಿದರೆ ವರ್ಷಗಳ ದುಡಿಮೆ ಹೋಯಿತು ಅಂತಾರೆ. ಸರಿ. ಆದರೆ ಅಡಿಕೆ ಹಾಕುವವರು ಯಾರು? ಫಸಲು ಬರುವ ತನಕ ಐದಾರು ವರ್ಷ ಕಾಯುವ ಶಕ್ತಿ ಇದ್ದವರು. ನಾಲೆಯ ತಲೆಯಲ್ಲಿ ಇದ್ದವರು. ಯೋಜನೆ ಮಾಡಿದಾಗ ಈ ಅಚ್ಚುಕಟ್ಟಿನಲ್ಲಿ ಅರೆಖುಷ್ಕಿ ಬೆಳೆಗೂ ಜಾಗ ಇಟ್ಟಿದ್ದರು. ಆಮೇಲೆ ಭತ್ತ ಹಬ್ಬಿತು, ಭತ್ತದ ಗದ್ದೆಗೆ ಅಡಿಕೆ ಬಂತು. ಒಂದು ಎಕರೆ ಭತ್ತ ಅಡಿಕೆ ಆದರೆ ಎರಡು ಕೆಲಸ ಆಗ್ತವೆ: ನೀರಿನ ಮೇಲೆ ಅದಕ್ಕೆ ವರ್ಷಪೂರ್ತಿ ಹಕ್ಕು ಹುಟ್ಟುತ್ತದೆ, ಹೆಂಗಸರ ನಾಟಿ ಕೆಲಸ ಸಾಯುತ್ತದೆ. ಅದರ ಜೊತೆ ನಾಲೆಗೆ ಪೈಪು ಇಳಿಸಿ ಪಂಪು ಹಚ್ಚಿ ಎತ್ತುವವರು ಬೇರೆ. ಹೀಗೆ ತಲೆಯಲ್ಲಿ ಹೀರಿದ ನೀರು ಬಾಲಕ್ಕೆ ಬರುವುದಿಲ್ಲ. ಬಾಲದಲ್ಲಿರುವ ಸಣ್ಣ ರೈತ, ಅವನ ಗದ್ದೆ ನಂಬಿದ ಕೂಲಿ, ಇಬ್ಬರೂ ಒಣಗಿದ ತೂಬಿನ ಮುಂದೆ ನಿಲ್ತಾರೆ.

ಕಾನೂನು ಇಲ್ಲವಾ ಅಂತ ಕೇಳ್ತೀರಿ. ಇದೆ. 1965ರ ನೀರಾವರಿ ಕಾಯ್ದೆ ಇದೆ. 2000ದಲ್ಲಿ ಅದಕ್ಕೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನಾಲೆ ನೋಡಿಕೊಳ್ಳುವ ದಾರಿ ಮಾಡಿದರು. 2024ರಲ್ಲಿ ಮತ್ತೆ ತಿದ್ದುಪಡಿ ಮಾಡಿ ಕದ್ದು ನೀರು ಎತ್ತುವವರಿಗೆ ಶಿಕ್ಷೆ ಹೆಚ್ಚಿಸಿದರು. ಬಾಲದ ರೈತನಿಗೆ ಇದರಿಂದ ಅನುಕೂಲ ಆದರೆ ಒಳ್ಳೇದು. ಆದರೆ ಸಂಘದ ಬಾಗಿಲಲ್ಲಿ ನಿಂತು ನೋಡಿ. ಸದಸ್ಯ ಆಗಬೇಕಾದರೆ ಅಚ್ಚುಕಟ್ಟಿನಲ್ಲಿ ಜಮೀನು ಇರಬೇಕು. ನೀರಿನ ಹಕ್ಕನ್ನು ಜಮೀನಿಗೆ ಕಟ್ಟಿಹಾಕಿದ್ದಾರೆ, ಎತ್ತನ್ನು ಗೂಟಕ್ಕೆ ಕಟ್ಟಿದ ಹಾಗೆ. ಗೂಟ ಯಾರದೋ ಎತ್ತು ಅವರದು. ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಡ್ಯಾಂ, ಸಾರ್ವಜನಿಕರ ದುಡ್ಡಿನಲ್ಲಿ ತೋಡಿದ ನಾಲೆ. ಅದರ ಲಾಭ ಮಾತ್ರ ಯಾರಿಗೆ ಮೊದಲೇ ಜಮೀನು ಇತ್ತೋ ಅವರಿಗೆ. ಜಮೀನು ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಅನ್ನುವುದನ್ನು ಈ ದೇಶದಲ್ಲಿ ಜಾತಿ ತೀರ್ಮಾನ ಮಾಡಿತ್ತು. ಹಾಗಾಗಿ ಜಾತಿಯೇ ನಾಲೆಯಲ್ಲಿ ಹರಿಯುತ್ತದೆ. ನೀರಿಗೆ ಬಣ್ಣ ಇಲ್ಲದ ಕಾರಣ ಅದು ಕಾಣಲ್ಲ ಅಷ್ಟೆ.

ನಮ್ಮವರಿಗೆ ಸಿಕ್ಕ ಜಮೀನಿನ ಕತೆಯನ್ನೂ ಹೇಳಬೇಕು. ಸರ್ಕಾರ ಮಂಜೂರು ಮಾಡಿದ್ದು ಎಂಥ ಜಮೀನು? ಬಹುಪಾಲು ದಿಬ್ಬ, ಬೋರೆ, ಗೋಮಾಳದ ಅಂಚು. ನೀರು ಇಳಿಜಾರಿಗೆ ಹರಿಯುತ್ತದೆ, ದಿಬ್ಬ ಹತ್ತಲ್ಲ. ನಾಲೆ ಕೆಳಗೆ ಹೋಗುತ್ತದೆ, ನಮ್ಮ ಹೊಲ ಮೇಲೆ ನಿಂತು ನೋಡುತ್ತದೆ. ಒಂದು ವೇಳೆ ನಾಲೆ ಮುಟ್ಟುವ ಕಡೆ ಜಮೀನು ಇದ್ದರೆ, ನಾಲೆ ಬರುವ ಸುದ್ದಿ ನಮಗಿಂತ ಮೊದಲು ತಿಳಿದವರು ಖುಷ್ಕಿ ಬೆಲೆಗೆ ಬರೆಸಿಕೊಂಡು ತರಿ ಬೆಲೆಗೆ ಬದುಕಿದರು. ಅದಕ್ಕೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಮಂಜೂರಾದ ಜಮೀನು ಕೈತಪ್ಪಿದರೆ ವಾಪಸು ಕೊಡಿಸುವ ಕಾಯ್ದೆ. ಮುಂದೆ ತಡವಾಗಿ ಅರ್ಜಿ ಹಾಕಿದ್ದೀರಿ ಅನ್ನುವ ಕಾರಣಕ್ಕೆ ಕೋರ್ಟುಗಳಲ್ಲಿ ನಮ್ಮವರ ಕೇಸು ಬೀಳತೊಡಗಿದವು. ಚಳವಳಿ ನಡೆದು, ಧರಣಿ ನಡೆದು 2023ರಲ್ಲಿ ತಿದ್ದುಪಡಿ ಆಯಿತು, ಅರ್ಜಿಗೆ ಕಾಲಮಿತಿ ಇಲ್ಲ ಅಂತ. ನಿಮ್ಮ ಊರಿನಲ್ಲಿ ಅಂಥ ಜಮೀನು ನಾಲೆ ಕೆಳಗೆ ಇದ್ದರೆ ಈ ರಜೆಯಲ್ಲೇ ಹಳೆ ಪಹಣಿ ತೆಗೆಸಿ ನೋಡಿ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಜಮೀನೇ ಇಲ್ಲದವನಿಗೆ ನೀರು ಯಾಕೆ, ತಲೆ ಮೇಲೆ ಸುರ್ಕೊಳ್ಳೋಕಾ ಅಂತ ನಗ್ತಾರೆ. ನಗಲಿ. ಅವರಿಗೆ ಮೂರು ಊರಿನ ಹೆಸರು ಹೇಳೋಣ.

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವ್. 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಅನ್ನುವವರು ಅಲ್ಲಿ ಪಾಣಿ ಪಂಚಾಯತಿ ಕಟ್ಟಿದರು. ಅವರ ನಿಯಮ ಇಷ್ಟು: ನೀರಿನ ಪಾಲು ಜಮೀನು ನೋಡಿ ಅಲ್ಲ, ತಲೆ ಎಣಿಸಿ. ಮನೆಯಲ್ಲಿ ಒಬ್ಬೊಬ್ಬರಿಗೆ ಅರ್ಧ ಎಕರೆಯ ನೀರು, ಒಂದು ಮನೆಗೆ ಎರಡೂವರೆ ಎಕರೆ ಮೀರುವ ಹಾಗಿಲ್ಲ. ಕಬ್ಬಿಗೆ ನೀರಿಲ್ಲ. ಜಮೀನು ಮಾರಿದರೆ ನೀರು ಅದರ ಜೊತೆ ಹೋಗಲ್ಲ. ಜಮೀನಿಲ್ಲದವರಿಗೂ ಪಾಲು ಉಂಟು. ಹರಿಯಾಣದ ಸುಖೋಮಾಜ್ರಿ. 1970ರ ದಶಕದಲ್ಲಿ ಗುಡ್ಡದ ಕೆಳಗೆ ಮಣ್ಣಿನ ಅಣೆ ಕಟ್ಟಿದರು. ಆ ನೀರಿನಲ್ಲಿ ಊರಿನ ಪ್ರತಿ ಮನೆಗೂ ಸಮಪಾಲು ಅಂತ ಗೊತ್ತು ಮಾಡಿದರು. ಜಮೀನಿಲ್ಲದವನು ತನ್ನ ಪಾಲನ್ನು ಬೇಕಾದವರಿಗೆ ಕೊಟ್ಟು ಪ್ರತಿಫಲ ಪಡೆಯಬಹುದಾಗಿತ್ತು. ಸಾಂಗ್ಲಿ ಜಿಲ್ಲೆಯ ಯೇರಳಾ ಹೊಳೆಯ ಬಳಿರಾಜಾ ಅಣೆ. 1980ರ ದಶಕದಲ್ಲಿ ಮುಕ್ತಿ ಸಂಘರ್ಷದ ಜನ ಹೋರಾಡಿ ಕಟ್ಟಿದ್ದು. ಅಲ್ಲೂ ಭೂಹೀನರಿಗೆ ನೀರಿನ ಪಾಲು ಇಟ್ಟರು.

ಇವು ಸಣ್ಣ ಸಣ್ಣ ಅಣೆಗಳು, ಭದ್ರೆಯಂಥ ಡ್ಯಾಂ ಅಲ್ಲ, ನಮಗೆ ಗೊತ್ತು. ಎಲ್ಲ ಕಡೆ ಒಂದೇ ರೀತಿ ನಡೀತು ಅಂತಲೂ ಹೇಳ್ತಿಲ್ಲ. ಆದರೆ ಒಂದು ಮಾತು ಸಾಬೀತಾಯಿತು. ನೀರನ್ನು ಜಮೀನಿನ ಗೂಟದಿಂದ ಬಿಚ್ಚಬಹುದು. ಬಿಚ್ಚಿದರೆ ಆಕಾಶ ಬೀಳಲ್ಲ. ನಮ್ಮ ಕೇರಿಯ ಹತ್ತು ಮನೆಗೆ ನೀರಿನ ಪಾಲು ಅಂತ ಕಾಗದ ಇದ್ದರೆ, ಆ ಹತ್ತು ಮನೆ ಸೇರಿ ಬೀಳುಬಿದ್ದ ಜಮೀನನ್ನು ಗೇಣಿಗೆ ಹಿಡಿದು ಬೆಳೆಯಬಹುದು, ಕೆರೆಯಲ್ಲಿ ಮೀನು ಸಾಕಬಹುದು, ದನ ಕಟ್ಟಿದರೆ ಮೇವು ಬೆಳೆಯಬಹುದು. ನೀರಿದ್ದವನನ್ನು ಹುಡುಕಿಕೊಂಡು ಜಮೀನಿನವನು ಕೇರಿಗೆ ಬರುವ ದಿನ ಅದು. ಆ ದಿನಕ್ಕೇ ಅವರಿಗೆ ಹೆದರಿಕೆ.

ನೀರಿನ ಮಾತು ಚಳವಳಿಗೆ ಹೊಸದಲ್ಲ. ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20. ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿವೆ ಅಂತ ಮುಂಬಯಿ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡಿನ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ಠರಾವು ಇದ್ದರೂ ಕೆರೆಗೆ ಇಳಿಯೋಕೆ ಮೂರು ವರ್ಷ ಬೇಕಾಯಿತು. ಇಳಿದ ಮೇಲೆ ಸವರ್ಣೀಯರು ಸಗಣಿ, ಗಂಜಲ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಅದು ಕುಡಿಯುವ ನೀರಿನ ಹೋರಾಟ. ಅದೇ ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದರು. ದಾಮೋದರ ಕಣಿವೆ ಯೋಜನೆಗೆ, ಕೇಂದ್ರದ ಜಲಮಾರ್ಗ ಮತ್ತು ನೀರಾವರಿ ಆಯೋಗಕ್ಕೆ ಬುನಾದಿ ಬಿದ್ದದ್ದು ಆ ಕಾಲದಲ್ಲೇ. ಬೊಗಸೆ ನೀರಿಗೆ ಹೋರಾಡಿದ ಮನುಷ್ಯ ನದಿಗಳ ಲೆಕ್ಕ ಹಾಕಿದ. ಕೆರೆಯಿಂದ ಕಣಿವೆಗೆ ಹೋದ ಆ ದಾರಿಯಲ್ಲಿ ನಾವು ಎಷ್ಟು ದೂರ ಬಂದಿದ್ದೇವೆ? ಕುಡಿಯುವ ನೀರಿನ ಹತ್ತಿರವೇ ನಿಂತಿದ್ದೇವೆ. ಎಷ್ಟೋ ಹಳ್ಳಿಯಲ್ಲಿ ಅದೂ ಪೂರ್ತಿ ಸಿಕ್ಕಿಲ್ಲ.

ಪಕ್ಕದ ಭದ್ರಾವತಿಯಿಂದಲೇ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು, ಕಾರ್ಖಾನೆಯ ಊರಿನ ಹುಡುಗರು ಕಟ್ಟಿದ ಸಂಘಟನೆ. ಅದಕ್ಕೂ ಮುಂಚೆ ಇದೇ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಹಿರಿಯರು ಭೂಮಿ ಕೇಳಿದರು. ಭೂಮಿ ಕೇಳುವುದನ್ನು ನಾವು ಬಿಡುವ ಹಾಗಿಲ್ಲ. ಆದರೆ ನೀರಿಲ್ಲದ ಭೂಮಿ ಕೊಟ್ಟು ಕೈ ತೊಳೆದುಕೊಳ್ಳುವ ಕಾಲ ಮುಗಿಯಬೇಕು. ಭೂಮಿ ಕೊಡೋಕೆ ಜಾಗ ಇಲ್ಲ ಅಂತ ಹೇಳುವ ಸರ್ಕಾರವನ್ನು, ನೀರು ಪ್ರತಿ ವರ್ಷ ಹೊಸದಾಗಿ ಬರುತ್ತದಲ್ಲ ಸ್ವಾಮಿ, ಅದನ್ನು ಹೊಸದಾಗಿ ಹಂಚೋಕೆ ಏನು ಅಡ್ಡಿ ಅಂತ ಕೇಳಬೇಕು. ಹಂಚಿ ಮುಗಿದ ನೀರು ಅಂತ ಒಂದಿಲ್ಲ. ಪ್ರತಿ ಜೂನಿನಲ್ಲಿ ಆ ಪ್ರಶ್ನೆ ಮತ್ತೆ ತೆರೆಯುತ್ತದೆ.

ಮತ್ತೆ ನೀರಿನ ಕಿತ್ತಾಟ ಹೆಚ್ಚಾಗುವ ಕಾಲ ಇದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ತಂದು, ಭದ್ರೆಯ 12.5 ಕೂಡಿಸಿ ಒಟ್ಟು 29.9 ಟಿಎಂಸಿ ಚಿತ್ರದುರ್ಗದ ಕಡೆಗೆ ಒಯ್ಯುವ ಲೆಕ್ಕ ಇದೆ. 2025ರಲ್ಲಿ ಬಲದಂಡೆ ನಾಲೆ ಸೀಳಿ ಕುಡಿಯುವ ನೀರು ಒಯ್ಯುವ ಕಾಮಗಾರಿಗೆ ದಾವಣಗೆರೆಯ ರೈತರು ವಿರೋಧ ಮಾಡಿದರು. ಚಿತ್ರದುರ್ಗದ ಒಣಸೀಮೆಯವರೂ ನಮ್ಮವರೇ, ದಾವಣಗೆರೆಯವರೂ ನಮ್ಮವರೇ. ತಾಲ್ಲೂಕು ತಾಲ್ಲೂಕುಗಳ ಜಗಳದಲ್ಲಿ ನಮ್ಮ ಹುಡುಗರನ್ನು ಬಾವುಟ ಹಿಡಿಯೋಕೆ ಕರೀತಾರೆ. ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ನೀರು ಗೆದ್ದರೆ ನಮ್ಮ ಕೇರಿಗೆ ಎಷ್ಟು? ಉತ್ತರ ಬಂದರೆ ಬಾವುಟ ಹಿಡಿಯೋಣ.

ಹಾಗಾದರೆ ನಾವು ಕೇಳುವುದು ಏನು? ಎಣಿಸಿ ಹೇಳ್ತೀವಿ, ಬರ್ಕೊಳ್ಳಿ.

ಒಂದು, ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಕೃಷಿಕೂಲಿಕಾರರಿಗೆ ಜಾಗ ಬೇಕು. ಅದರಲ್ಲಿ ಅರ್ಧ ಹೆಂಗಸರಿಗೆ.

ಎರಡು, ನೀರು ನಿಲ್ಲಿಸುವ ತೀರ್ಮಾನ ಆದ ದಿನವೇ ಆ ಅಚ್ಚುಕಟ್ಟಿನ ಕೂಲಿ ಮನೆಗಳಿಗೆ ಎಷ್ಟು ದಿನದ ಕೆಲಸ ಹೋಯಿತು ಅಂತ ಲೆಕ್ಕ ಮಾಡಿ ಕೂಲಿ ಪರಿಹಾರ ಕೊಡಬೇಕು. ಬೆಳೆ ನಷ್ಟ ಇದ್ದ ಹಾಗೆ ದಿನ ನಷ್ಟವೂ ಕಂದಾಯದ ಕಾಗದದಲ್ಲಿ ಬರಬೇಕು.

ಮೂರು, ನೀರು ಬಳಕೆದಾರರ ಸಂಘಗಳಲ್ಲಿ ಆ ಊರಿನ ಭೂಹೀನರಿಗೂ ಸದಸ್ಯತ್ವ, ನೀರಿನಲ್ಲಿ ಒಂದು ಪಾಲು.

ನಾಲ್ಕು, ಮಂಜೂರಾದ ದಲಿತರ ಜಮೀನು ನಾಲೆಗಿಂತ ಎತ್ತರದಲ್ಲಿದ್ದರೆ ಸರ್ಕಾರದ ಖರ್ಚಿನಲ್ಲಿ ಏತ ನೀರಾವರಿ.

ಐದು, ಸರದಿ ನೀರು ಬಾಲದಿಂದ ತಲೆಗೆ. ಕೊನೆಯ ತೂಬು ತುಂಬಿದ ಮೇಲೆ ಮೊದಲ ತೂಬು. ಯಾವ ದಿನ ಯಾವ ತೂಬಿಗೆ ನೀರು ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಪಂಚಾಯತಿ ಕಟ್ಟೆಯಲ್ಲೂ, ನಮ್ಮ ಕೇರಿಯಲ್ಲೂ ಹಾಕಬೇಕು.

ಇವು ಕೇಳಿದ ಕೂಡಲೆ ಸಿಗಲ್ಲ. ಮಹಾಡಿನ ಲೆಕ್ಕ ಈಗಷ್ಟೆ ಹೇಳಿದೆವು. ಅಲ್ಲಿಯ ತನಕ ಸುಮ್ಮನೆ ಕೂರಬೇಕಾಗಿಲ್ಲ. ಇವತ್ತಿನಿಂದ ಮಾಡಬಹುದಾದ ಕೆಲಸ ಇದೆ. ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತದೆ. ಹಾಸ್ಟೆಲಿನ ನೋಟೀಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿ, ಸರದಿ ಹಾಕಿಕೊಂಡು ದಿನಾ ಬರೆಯಿರಿ. ಒಂದು ವರ್ಷ ಬರೆದರೆ ಯಾವ ಮಂತ್ರಿಯ ಮಾತು ನಿಜ, ಯಾವುದು ಸುಳ್ಳು ಅಂತ ನಿಮಗೇ ಗೊತ್ತಾಗುತ್ತದೆ. ರಜೆಗೆ ಊರಿಗೆ ಹೋದವರು ಒಂದು ನೋಟ್‌ಬುಕ್ಕು ಹಿಡಿದು ಹೋಗಿ. ನಮ್ಮ ಕೇರಿಯಲ್ಲಿ ಎಷ್ಟು ಮನೆ, ಎಷ್ಟು ಮನೆಗೆ ಜಮೀನು, ಅದರಲ್ಲಿ ಎಷ್ಟಕ್ಕೆ ನಾಲೆ ನೀರು, ತೂಬಿನ ನಂಬರು ಎಷ್ಟು, ಕಳೆದ ಹಂಗಾಮಿನಲ್ಲಿ ಮನೆಯ ಹೆಂಗಸರು ಎಷ್ಟು ದಿನ ನಾಟಿಗೆ ಹೋದರು, ಎಷ್ಟು ಕೂಲಿ ಬಂತು. ಕೃಷಿ ಕಾಲೇಜಿನಲ್ಲಿ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ನಮ್ಮ ಗೆಳೆಯರು ಆ ಲೆಕ್ಕಕ್ಕೆ ನಕ್ಷೆ ಬರೆದುಕೊಡಲಿ. ಕಾನೂನು ಓದುವವರು ಪಹಣಿ ನೋಡಲಿ. ನಾವು ಆರ್ಟ್ಸಿನವರು ಅದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯುತ್ತೇವೆ, ಹಾಡು ಕಟ್ಟುತ್ತೇವೆ, ಈ ಪತ್ರಿಕೆಯಲ್ಲೇ ಅಚ್ಚು ಹಾಕುತ್ತೇವೆ. ಮುಂದಿನ ಸಲಹಾ ಸಮಿತಿ ಸಭೆಯ ದಿನ ಮಲವಗೊಪ್ಪದ ಗೇಟಿನ ಮುಂದೆ ಆ ನೋಟ್‌ಬುಕ್ಕು ಹಿಡಿದು ನಿಲ್ಲೋಣ. ಕೂಗೋಕೆ ಮುಂಚೆ ಲೆಕ್ಕ ಓದೋಣ. ಲೆಕ್ಕ ಓದುವ ದಲಿತನನ್ನು ಕಂಡರೆ ಅವರಿಗೆ ಘೋಷಣೆ ಕೂಗುವ ದಲಿತನಿಗಿಂತ ಹೆಚ್ಚು ಗಾಬರಿ.

ನೀರುಗಂಟಿ ರಾತ್ರಿಯೆಲ್ಲ ಏರಿ ಮೇಲೆ ಕೂತು ಊರಿನ ನೀರು ಕಾದ. ಒಂದು ದಿನವೂ ಅವನಿಗೆ ಯಾರೂ ನಿನ್ನ ಪಾಲು ಎಷ್ಟು ಅಂತ ಕೇಳಲಿಲ್ಲ. ನಮ್ಮನ್ನೂ ಕೇಳಲ್ಲ. ನಾವೇ ಹೇಳಬೇಕು, ಅಂಕಿ ಸಮೇತ ಹೇಳಬೇಕು. ಹಾಳೆ ಅಂಟಿಸುವ ಕೆಲಸ ಇವತ್ತು ರಾತ್ರಿಯೇ ಸುರುವಾಗಲಿ. ಯಾರು ಮೊದಲ ವಾರ ಬರೀತೀರಿ, ಕೈ ಎತ್ತಿ.

ಜೈ ಭೀಮ್.